ಸಮುದ್ರದೊಳಗಿನ ಒಡ್ಡು



ನೆಲೋಗಿಯಲ್ಲಿ ನಿಂತು ಸಮುದ್ರದ ಮಾತಾಡುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಹೊಲಕ್ಕೆ ಒಡ್ಡು ಏಕೆ ಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ನೀರಿನ ರಭಸ ಮುರಿದರೆ ಮಣ್ಣು ಉಳಿಯುತ್ತದೆ. ಕಡಲಲ್ಲಿ ಈ ಕೆಲಸ ಮಾಡುವುದು ಹವಳದ ದಿಬ್ಬ. ಅದು ಅಲೆಯ ಶಕ್ತಿಯನ್ನು ಸರಾಸರಿ ಶೇಕಡಾ 97ರಷ್ಟು ತಗ್ಗಿಸುತ್ತದೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ.

ಹವಳವೆಂದರೆ ಉಂಗುರದ ಹರಳು ಮಾತ್ರವಲ್ಲ. ಅದೊಂದು ಪುಟ್ಟ ಜೀವಿ. ಕಡಲ ನೀರಿನಿಂದ ಸುಣ್ಣ ಹೀರಿ ಗೂಡು ಕಟ್ಟುತ್ತದೆ. ನಮ್ಮ ಶಹಾಬಾದ್ ಪರಸಿಯೂ ಪುರಾತನ ಕಡಲಿನ ತಳದಲ್ಲಿ ಆದ ಸುಣ್ಣದ ಕಲ್ಲೇ. ಆದರೆ ಪರಸಿ ಒಡೆದರೆ ಮುಗಿಯಿತು, ಹವಳ ಜೀವಂತವಿದ್ದರೆ ಮತ್ತೆ ಬೆಳೆಯುತ್ತದೆ.

ನಮ್ಮ ರಾಜ್ಯದಲ್ಲಿ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ದರ್ಗಾದಿಂದ ನಮಗೆಲ್ಲ ಪರಿಚಿತವಾದ ಉಳ್ಳಾಲದಲ್ಲಿ ಮಾತ್ರ ನದಿಯ ಕೆಸರುನೀರು. ಹವಳಕ್ಕೆ ತಿಳಿನೀರೇ ಬೇಕು. ಅಲ್ಲಿ ಕಡಲ್ಕೊರೆತಕ್ಕೆ ಮನೆಗಳು ಬಿದ್ದಾಗ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ, ಮರಳು ತುಂಬಿದ ಭಾರೀ ಚೀಲಗಳ ಕೃತಕ ದಿಬ್ಬವನ್ನು ನೀರಿನೊಳಗೆ ಕಟ್ಟಿದರು. ಆಮೇಲೂ ಪಕ್ಕದ ಉಚ್ಚಿಲದಲ್ಲಿ ಕೊರೆತ ನಿಲ್ಲಲಿಲ್ಲ. ಚೀಲ ತಾನಾಗಿ ಬೆಳೆಯುವುದಿಲ್ಲವಲ್ಲ!

ಲಕ್ಷದ್ವೀಪದ ಮಾತು ಬೇರೆ. ಅದರ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ನಮ್ಮ ಸಹೋದರರ ಮನೆ, ಮಸೀದಿ, ಕಬರಸ್ಥಾನ ಎಲ್ಲವೂ ಹವಳದ ಪುಡಿಯಿಂದಾದ ನೆಲದ ಮೇಲಿವೆ. 1998, 2010, 2016, 2024ರಲ್ಲಿ ಕಡಲ ನೀರು ಬಿಸಿಯೇರಿ ಹವಳ ಬಿಳಿಚಿಕೊಂಡಿತು. ಹವಳ ಸತ್ತರೆ ಒಡ್ಡೂ ಇಲ್ಲ, ನೆಲಕ್ಕೆ ಹೊಸ ಮರಳೂ ಇಲ್ಲ. ಬಂಗಾರಂ ಬಳಿಯ ಪರಳಿ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪವೊಂದು ಪೂರ್ತಿ ಕೊಚ್ಚಿಹೋಗಿದೆಯೆಂದು 2017ರಲ್ಲಿ ವರದಿಯಾಯಿತು.

ಕಳೆದದ್ದನ್ನು ಮತ್ತೆ ಬೆಳೆಸಬಹುದೇ? ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ಹವಳ ಅಗೆದು ಅಗೆದು ಎರಡು ದ್ವೀಪಗಳು ಮುಳುಗಿದವು. ಅಲ್ಲೇ ತೂತ್ತುಕುಡಿಯ ಸಂಶೋಧಕರು ಜೀವಂತ ಹವಳದ ತುಂಡುಗಳನ್ನು ಸಿಮೆಂಟ್ ಹಲಗೆಗೆ ಕಟ್ಟಿ ತಳದಲ್ಲಿ ಊರುತ್ತಿದ್ದಾರೆ, ನಾವು ಕಬ್ಬಿನ ತುಂಡು ಊರಿದಂತೆ. ಅವು ಚಿಗುರುತ್ತವೆ, ಮೀನೂ ಬರುತ್ತದೆ. ಆದರೆ ನೀರು ಬಿಸಿಯಾದ ವರ್ಷ ನೆಟ್ಟದ್ದೂ ಸಾಯಬಹುದು. ಈ ಮಾತನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸಲಾರೆ. ಬಿಸಿ ತಾಳುವ ಹವಳವನ್ನು ಆರಿಸುವ ಕೆಲಸ ಇನ್ನೂ ನಡೆದಿದೆ, ಅದಕ್ಕೆ ಕಲಿತವರು ಬೇಕು.

ಪಿಯುಸಿ ವಿಜ್ಞಾನ ಓದುತ್ತಿರುವ ತಂಗಿಯರೇ, ತಮ್ಮಂದಿರೇ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಸಿಇಟಿ ಅರ್ಜಿ ತುಂಬುವಾಗ ಅದರ ಹೆಸರನ್ನೂ ಒಮ್ಮೆ ನೋಡಿರಿ.