ಮೊದಲು ಎತ್ತಿಕೊಂಡವರು



ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ತೀರಿಕೊಂಡದ್ದು 2018ರ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ. 12 ಮಕ್ಕಳನ್ನು ಹೆತ್ತ ತಾಯಿ. ಮೊಮ್ಮಕ್ಕಳು, ಮರಿಮಕ್ಕಳನ್ನು ಕಂಡ ಅಜ್ಜಿ. ಅವರು ಮಾಡಿಸಿದ ಹೆರಿಗೆಗಳು 15,000 ದಾಟುತ್ತವೆ ಎಂಬುದು ಅವರ ಬಗ್ಗೆ ಬರೆದವರೆಲ್ಲ ಹೇಳುವ ಲೆಕ್ಕ.

ಇಂಥ ಸಂಖ್ಯೆ ಕಿವಿಗೆ ಬಿದ್ದರೆ ‘ಅಬ್ಬಾ’ ಎಂದು ನಾವು ಮುಂದೆ ಹೋಗಿಬಿಡುತ್ತೇವೆ. ಇವತ್ತು ಸ್ವಲ್ಪ ನಿಲ್ಲೋಣ. ಅವರು ಈ ಕೆಲಸ ಮಾಡಿದ್ದು ಸುಮಾರು 70 ವರ್ಷ. ಭಾಗಿಸಿ ನೋಡಿದರೆ ವರ್ಷಕ್ಕೆ 200ಕ್ಕೂ ಮೇಲಾಯಿತು. ಎರಡು ದಿನಕ್ಕೊಂದು ಹೆರಿಗೆ ಅಂದರೂ ಕಡಿಮೆಯೇ. ಹೆರಿಗೆಯೇನು ಗಡಿಯಾರ ನೋಡಿಕೊಂಡು ಮುಗಿಯುವ ಕೆಲಸವೆ? ಸಂಜೆ ಹಿಡಿದ ಬೇನೆ ಬೆಳಗಿನ ಜಾವದವರೆಗೂ ಎಳೆದೀತು. ಇಲ್ಲವೆ ಸುಳ್ಳು ಬೇನೆಯಾಗಿ, ಹಿಂದಿರುಗಿ ಬಂದು, ನಾಳೆ ಮತ್ತೆ ಅದೇ ಮನೆಗೆ ಓಡಬೇಕಾದೀತು. ಈ ನಡುವೆ ಅವರ ಮನೆಯ ಒಲೆಯೂ ಉರಿಯಬೇಕು. ಅವರದೇ ಬಸಿರು, ಅವರದೇ ಬಾಣಂತನ ಎಲ್ಲವೂ ಇದರೊಳಗೇ ನಡೆದುಹೋಗಬೇಕು. ಇಷ್ಟಾಗಿಯೂ ಅವರು ಹೆರಿಗೆಗೆ ದುಡ್ಡು ಮುಟ್ಟುತ್ತಿರಲಿಲ್ಲ.

ಹನ್ನೆರಡನೇ ವಯಸ್ಸಿಗೇ ಅವರಿಗೆ ಮದುವೆಯಾಗಿತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿದ್ಯೆ ಸಿಕ್ಕಿದ್ದು ಅಜ್ಜಿಯಿಂದ. ಮರಿಗೆಮ್ಮ ಎಂದು ಅವರ ಹೆಸರು. ನರಸಮ್ಮನವರ ಐದು ಹೆರಿಗೆಗಳನ್ನು ಮಾಡಿಸಿದವರೂ ಆ ಅಜ್ಜಿಯೇ. ಅಂದರೆ ಮೊಮ್ಮಗಳು ಈ ವಿದ್ಯೆಯನ್ನು ಪಕ್ಕದಲ್ಲಿ ಕೂತು ನೋಡಿ ಕಲಿತದ್ದಷ್ಟೇ ಅಲ್ಲ, ಸ್ವತಃ ನೋವು ತಿನ್ನುತ್ತಾ, ಅಜ್ಜಿಯ ಕೈ ಎಲ್ಲಿ ಒತ್ತುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂಬುದನ್ನು ಮೈಯಿಂದಲೇ ತಿಳಿದುಕೊಂಡದ್ದು. ಯಾವ ನರ್ಸಿಂಗ್ ಶಾಲೆಯಲ್ಲೂ ಈ ಪಾಠ ಹೀಗೆ ಆಗಲಾರದು. 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಬಂಧುವೊಬ್ಬರ ಹೆರಿಗೆಯನ್ನು ತಾನೇ ನಿಂತು ಮಾಡಿಸಿದರು. ಆ ದಾರಿಯಲ್ಲಿ ಬಂದುಹೋಗುತ್ತಿದ್ದ ಅಲೆಮಾರಿ ಜನರಿಂದ ಗಿಡಮೂಲಿಕೆ ಔಷಧಿಗಳನ್ನೂ ಕಲಿತರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಯಾವ ಕಡೆಗಿದೆ, ಅದು ಹೇಗಿದೆ ಎಂದು ಹೇಳುತ್ತಿದ್ದರಂತೆ.

ಪಾವಗಡದ ಹೆಸರು ಈಗ ದೊಡ್ಡ ಸೋಲಾರ್ ಪಾರ್ಕಿನಿಂದ ದೇಶಕ್ಕೆಲ್ಲ ಗೊತ್ತು. ಮೂರು ಕಡೆ ಆಂಧ್ರ, ನಾಲಿಗೆಯ ಮೇಲೆ ತೆಲುಗು ಕನ್ನಡ ಎರಡೂ, ಬರವಂತೂ ಮನೆಯ ನೆಂಟ. ನರಸಮ್ಮನವರ ಪ್ರಾಯದ ಕಾಲದಲ್ಲಿ ಅಂಥ ಬಯಲುಸೀಮೆಯ ಹಳ್ಳಿಯಿಂದ ಆಸ್ಪತ್ರೆಗೆ ಹೋಗುವುದೆಂದರೆ ಎತ್ತಿನ ಗಾಡಿ ಸಿಗಬೇಕು, ದಾರಿ ಇರಬೇಕು, ಬಸುರಿಗೆ ಅಷ್ಟು ಹೊತ್ತು ತಡೆಯುವ ಶಕ್ತಿ ಇರಬೇಕು. ಬುಡ್ಡಿದೀಪದ ಬೆಳಕಿನಲ್ಲಿ ಸೂಲಗಿತ್ತಿಯ ಕೈಯೇ ಆಸ್ಪತ್ರೆ.

ಹಾಗೆಂದು, ಮನೆಯ ಹೆರಿಗೆಯೇ ಮೇಲು, ಆ ಕಾಲವೇ ಚೆಂದ ಎಂಬ ಮಾತು ಈಗೀಗ ಅಲ್ಲಲ್ಲಿ ಕೇಳಿಬರುತ್ತದಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ನರಸಮ್ಮನವರ 12 ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ಹೋದವು. ರಕ್ತ ಹರಿದು, ನಂಜೇರಿ ಕಣ್ಣುಮುಚ್ಚಿದ ಬಾಣಂತಿಯರನ್ನು ಆ ತಲೆಮಾರು ಊರೂರಲ್ಲೂ ಕಂಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಅದು ಹಾಗೆಯೇ ಇರಲಿ. ನರಸಮ್ಮನವರನ್ನು ನಾವು ನೆನೆಯಬೇಕಾದದ್ದು ಆಸ್ಪತ್ರೆಗೆ ಎದುರಾಗಿ ನಿಲ್ಲಿಸಿ ಅಲ್ಲ, ಯಾರೂ ಬರದಿದ್ದ ಕಡೆಗೆ ಕರೆದ ಕೂಡಲೇ ಎದ್ದು ನಡೆದವರು ಎಂದು.

ಇಂಥವರ ನೆನಪಿಗೆ ಒಂದು ತೊಡಕಿದೆ. ಪಾಠ ಹೇಳಿದ ಮೇಷ್ಟ್ರನ್ನು ಶಿಷ್ಯರು ನೆನೆಯುತ್ತಾರೆ; ಎರಡೇಟು ಬಿದ್ದಿದ್ದರೆ ಇನ್ನೂ ಚೆನ್ನಾಗಿ ನೆನೆಯುತ್ತಾರೆ. ಸೂಲಗಿತ್ತಿಯ ಕೈಯಿಂದ ಜೀವ ಉಳಿಸಿಕೊಂಡವನಿಗೆ ಆ ಕೈಯ ನೆನಪೇ ಇಲ್ಲ. ಹೊಕ್ಕುಳ ಬಳ್ಳಿ ಕತ್ತರಿಸಿದ್ದು, ಅಳದ ಕೂಸನ್ನು ತಟ್ಟಿ ಅಳಿಸಿದ್ದು, ಎರೆದು ಸುತ್ತಿ ತಾಯಿಯ ಪಕ್ಕ ಮಲಗಿಸಿದ್ದು, ಯಾವುದೂ ಅವನಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಹೆತ್ತವಳಿಗೆ. ಆ ಹೆತ್ತವರಿಗೆ ಈಗ ಎಪ್ಪತ್ತು, ಎಂಬತ್ತು, ತೊಂಬತ್ತು. ಅವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ನರಸಮ್ಮನವರ ಮಟ್ಟಿಗೆ ಲೋಕ ಕೊನೆಗಾದರೂ ಕಣ್ತೆರೆಯಿತು. ರಾಜ್ಯದ ಪ್ರಶಸ್ತಿಗಳು ಬಂದವು, 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ. ಅದೇ ವರ್ಷದ ಕೊನೆಗೆ ಅವರು ಹೊರಟುಹೋದರು.

ಉಳಿದ ಸೂಲಗಿತ್ತಿಯರ ಹೆಸರು ಎಲ್ಲಿದೆ? ಜನನ ನೋಂದಣಿಯ ವರದಿ ನಮೂನೆಯಲ್ಲಿ, ಹೆರಿಗೆಯ ವೇಳೆ ಯಾರ ನೆರವಿತ್ತು ಎಂದು ಕೇಳುವ ಒಂದು ಕಲಂ ಇದೆ. ಆಸ್ಪತ್ರೆಯೋ, ಡಾಕ್ಟರೋ, ದಾದಿಯೋ, ಸಾಂಪ್ರದಾಯಿಕ ಸೂಲಗಿತ್ತಿಯೋ, ಬಂಧುಗಳೋ ಎಂದು ಗುರುತು ಹಾಕಿದರೆ ಸಾಕು. ಹೆಸರು ಬೇಕಿಲ್ಲ. ಸರ್ಕಾರವನ್ನೇ ಏಕೆ ಅನ್ನಬೇಕು, ಮನೆಯವರೇನು ಬರೆದಿಟ್ಟರೆ? ಕೂಸಿನ ನಕ್ಷತ್ರ, ಪಾದ, ಗಳಿಗೆ ಎಲ್ಲವನ್ನೂ ಜಾತಕದಲ್ಲಿ ಬರೆಸಿದರು; ಆ ಗಳಿಗೆಯಲ್ಲಿ ಕೂಸನ್ನು ಹಿಡಿದವಳ ಹೆಸರನ್ನು ಬರೆಸಲಿಲ್ಲ. ಎಷ್ಟೋ ಊರುಗಳಲ್ಲಿ ಆಕೆ ಬೇರೆ ದಿನ ಹೊಸ್ತಿಲು ದಾಟಬಾರದ ಕೇರಿಯವಳು. ಬೇನೆ ಬಂದ ರಾತ್ರಿ ಮಾತ್ರ ನಡುಮನೆಯವರೆಗೂ ಬರಬಹುದಿತ್ತು. ಆಮೇಲೆ ಮೊರದಲ್ಲಿ ಒಂದಿಷ್ಟು ಅಕ್ಕಿ, ಎಲೆಯಡಿಕೆ, ಒಂದು ಕುಪ್ಪಸದ ಕಣ ಕೊಟ್ಟರೆ ಋಣ ತೀರಿತು ಎಂದು ಮನೆಯವರು ತಿಳಿದರು.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತೇ ಕೇಳಿ: ‘ಅಜ್ಜೀ, ನಮ್ಮಪ್ಪ ಹುಟ್ಟಿದಾಗ ಹೆರಿಗೆಗೆ ಯಾರು ಬಂದಿದ್ದರು?’ ಹೆಸರು ತಟ್ಟನೆ ಬರಲಿಕ್ಕಿಲ್ಲ. ಮೊದಲು ಆ ವರ್ಷದ ಮಳೆ, ನಾದಿನಿಯ ಜೊತೆಗಿನ ಜಗಳ, ಊರಿನಿಂದ ಬಾರದೇ ಹೋದ ಅಣ್ಣ, ಎಲ್ಲ ಬಂದುಹೋಗುತ್ತವೆ. ಕಾಯಿರಿ. ಹೆಸರು ಸಿಕ್ಕರೆ ಅದರ ಜೊತೆ ಆಕೆ ಯಾರ ಮಗಳು, ಯಾವ ಕೇರಿ, ಮಕ್ಕಳು ಈಗ ಎಲ್ಲಿದ್ದಾರೆ ಎಂಬುದೂ ಸಿಗಬಹುದು. ಆ ಮಕ್ಕಳೋ ಮೊಮ್ಮಕ್ಕಳೋ ಹತ್ತಿರದಲ್ಲೇ ಇದ್ದರೆ ಒಮ್ಮೆ ಹೋಗಿ, ‘ನಮ್ಮಪ್ಪನನ್ನು ಮೊದಲು ಎತ್ತಿಕೊಂಡವರು ನಿಮ್ಮಜ್ಜಿ’ ಎಂದು ಹೇಳಿ ಬನ್ನಿ. ಅವರಿಗೂ ಅದು ಗೊತ್ತಿರಲಿಕ್ಕಿಲ್ಲ.