ಚಾರ್ಜಿಂಗ್ ಕೇಂದ್ರ: ಬಳಸುವ ಬಗೆ, ಕೇಳಬೇಕಾದ ಹಕ್ಕು

(ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಗಿರಣಿ ಕೆಲಸಗಾರರು, ಆಟೋ ಚಾಲಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣದ ಪಾಠ)



ವಿದ್ಯುತ್ತಿನಿಂದ ಓಡುವ ಆಟೋ, ಸ್ಕೂಟರು, ಸರಕು ಗಾಡಿಗಳು ನಮ್ಮ ಊರುಗಳ ಬೀದಿಗೆ ಬಂದು ಕೆಲವು ವರ್ಷಗಳಾದುವು. ಕೌಲ್ ಬಜಾರಿನಲ್ಲಿ ತರಕಾರಿ ಮಾರುವವನ ಬಳಿ ಅದಿದೆ, ಜೀನ್ಸ್ ಹೊಲಿಯುವ ಮನೆಗಳಿಂದ ಗಂಟು ಹೊತ್ತು ಅಂಗಡಿಗೆ ಮುಟ್ಟಿಸುವವನ ಬಳಿ ಅದಿದೆ, ಸಿರುಗುಪ್ಪದ ಅಕ್ಕಿ ಗಿರಣಿಗೆ ಪಾಳಿಗೆ ಹೋಗುವ ಹುಡುಗನ ಬಳಿಯೂ ಅದಿದೆ. ಸಾಲ ಮಾಡಿ ಕೊಂಡ ಗಾಡಿ. ತಿಂಗಳ ಕಂತು ಕಟ್ಟಬೇಕು. ಗಾಡಿ ಓಡಿದರೆ ಕಂತು, ನಿಂತರೆ ಬಡ್ಡಿ. ಆದ್ದರಿಂದ ಆ ಗಾಡಿಗೆ ವಿದ್ಯುತ್ತು ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ, ಎಷ್ಟು ಹೊತ್ತು ಕಾಯಬೇಕು ಎಂಬುದು ನಮ್ಮ ಹೊಟ್ಟೆಯ ಪ್ರಶ್ನೆ.

ಮೊದಲು ಒಂದು ಹಳೆಯ ಮಾತನ್ನು ನೆನಪು ಮಾಡಿಕೊಳ್ಳೋಣ. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಹುಟ್ಟಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ೧೯೦೫ರಲ್ಲಿ. ಹಳ್ಳಿಯ ಗುಡಿಸಲಿಗೆ ಬರುವ ಹೊತ್ತಿಗೆ ಎಷ್ಟು ತಲೆಮಾರು ಕಳೆಯಿತೆಂಬುದು ನಿಮ್ಮ ಮನೆಯ ಹಿರಿಯರಿಗೆ ಗೊತ್ತು. ಇಂದು ನಮ್ಮ ಜಿಲ್ಲೆಯ ಕುಡತಿನಿಯಲ್ಲಿ ೧,೭೦೦ ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರ ನಿಂತಿದೆ. ಹೊಗೆ ಬೂದಿ ನಮಗೆ, ಬೆಳಕು ನಾಡಿಗೆಲ್ಲ. ಇರಲಿ, ನಾಡಿಗೆ ಕೊಡಲು ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಲೆಕ್ಕವನ್ನು ನೋಡಿ. ೨೦೨೪ರ ಕೊನೆಯ ವೇಳೆಗೆ ಕರ್ನಾಟಕದಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು ೫,೭೦೦ಕ್ಕೂ ಹೆಚ್ಚು; ದೇಶದಲ್ಲೇ ಮೊದಲ ಸ್ಥಾನ. ಅವುಗಳಲ್ಲಿ ೪,೪೦೦ಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಮಿಕ್ಕ ಎಲ್ಲ ಜಿಲ್ಲೆಗಳೂ ಸೇರಿ ಹಂಚಿಕೊಂಡದ್ದು ಉಳಿದ ಸಾವಿರದ ಚಿಲ್ಲರೆಯನ್ನು.

ಇದು ಯಾರಿಗೆ ನಷ್ಟ? ಸ್ವಂತ ಮನೆ, ಅಂಗಳ, ಗಾಡಿ ನಿಲ್ಲಿಸಲು ಚಪ್ಪರ ಇರುವವರಿಗೆ ಸಾರ್ವಜನಿಕ ಕೇಂದ್ರ ಅಪರೂಪಕ್ಕೆ ಬೇಕಾಗುವ ವಸ್ತು. ರಾತ್ರಿ ಮನೆಯಲ್ಲಿ ಹಚ್ಚಿ ಮಲಗುತ್ತಾರೆ. ಮನೆಯಲ್ಲಿರುವ ಸಂಪರ್ಕದಿಂದಲೇ ಗಾಡಿ ಚಾರ್ಜು ಮಾಡಿಕೊಳ್ಳಬಹುದೆಂದು ಕೇಂದ್ರ ಸರ್ಕಾರದ ೨೦೨೨ರ ಮಾರ್ಗಸೂಚಿಯೂ ಹೇಳಿದೆ. ಆದರೆ ಬ್ರೂಸ್‌ಪೇಟೆಯ ಗಲ್ಲಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವವನು ಎಲ್ಲಿ ಹಚ್ಚಬೇಕು? ಮಾಲೀಕ ಒಪ್ಪುವುದಿಲ್ಲ, ತಂತಿ ಬೀದಿಗೆ ಮುಟ್ಟುವುದಿಲ್ಲ. ಮನೆಯೊಳಗೆ ನಲ್ಲಿ ಇಲ್ಲದವನಿಗೆ ಬೀದಿಯ ನಲ್ಲಿ ಹೇಗೋ, ಇವನಿಗೆ ಚಾರ್ಜಿಂಗ್ ಕೇಂದ್ರ ಹಾಗೆ.

ಬೀದಿಯ ನಲ್ಲಿಯನ್ನು ಬಳಸಲು ಯಾರೂ ಕಲಿಸಬೇಕಾಗಿಲ್ಲ. ಈ ಹೊಸ ನಲ್ಲಿಯನ್ನು ಕಲಿಯಬೇಕು. ಅದಕ್ಕಾಗಿ ಕೆಲವು ಮಾತುಗಳನ್ನು ಬಿಡಿಸಿ ಹೇಳುತ್ತೇವೆ.

ಕೇಂದ್ರಕ್ಕೆ ಹೋಗುವ ಮೊದಲು ಮೂರು ಸಂಗತಿಗಳನ್ನು ತಿಳಿದಿರಬೇಕು: ಪ್ಲಗ್ಗು ಯಾವುದು, ಕಿಲೋವಾಟ್ ಎಷ್ಟು, ಯೂನಿಟ್ಟಿಗೆ ದರ ಎಷ್ಟು.

ಪ್ಲಗ್ಗಿನ ಮಾತು. ಎಲ್ಲ ಗಾಡಿಗೂ ಒಂದೇ ಬಾಯಿಯಲ್ಲ. ಈಗಿನ ಕಾರುಗಳಿಗೆ ಹೆಚ್ಚಾಗಿ ಸಿ.ಸಿ.ಎಸ್.-೨ ಎಂಬ ದೊಡ್ಡ ಗನ್ನು. ಆಟೋ ಮತ್ತು ಸ್ಕೂಟರುಗಳಿಗೆ ಸಾಮಾನ್ಯ ಎ.ಸಿ. ಸಾಕೆಟ್ಟು, ಭಾರತ್ ಎ.ಸಿ. ೦೦೧ ಎಂಬ ಪೆಟ್ಟಿಗೆಯಲ್ಲಿ ೩.೩ ಕಿಲೋವಾಟಿನ ಮೂರು ಬಾಯಿಗಳಿರುತ್ತವೆ. ಕೆಲವು ಸ್ಕೂಟರುಗಳಿಗೆ ಅವುಗಳದೇ ಬೇರೆ ಜೋಡಣೆ. ಕಾರಿನ ಗನ್ನು ಮಾತ್ರ ಇರುವ ಕೇಂದ್ರಕ್ಕೆ ಆಟೋ ತೆಗೆದುಕೊಂಡು ಹೋದರೆ ಬರಿಗೈಯಲ್ಲಿ ಹಿಂದಿರುಗಬೇಕು. ಗಾಡಿ ಕೊಳ್ಳುವಾಗಲೇ ಅಂಗಡಿಯವನಿಂದ ಪ್ಲಗ್ಗಿನ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಕಿಲೋವಾಟಿನ ಮಾತು ಬರಿಯ ಭಾಗಾಕಾರ. ಒಂದು ಕಿಲೋವಾಟಿನಲ್ಲಿ ಒಂದು ಗಂಟೆ ಹರಿದರೆ ಒಂದು ಯೂನಿಟ್ಟು. ಪ್ರಯಾಣಿಕರ ಆಟೋದ ಬ್ಯಾಟರಿ ಒಂಬತ್ತು ಯೂನಿಟ್ಟಿನದೆಂದು ಇಟ್ಟುಕೊಳ್ಳೋಣ. ೩.೩ ಕಿಲೋವಾಟಿನಲ್ಲಿ ಹಚ್ಚಿದರೆ ಪೂರ್ತಿ ತುಂಬಲು ಸುಮಾರು ಮೂರು ಗಂಟೆ. ಆದರೆ ಇಲ್ಲೊಂದು ಗುಟ್ಟಿದೆ. ಎ.ಸಿ. ಸಾಕೆಟ್ಟಿನಲ್ಲಿ ಎಷ್ಟು ವಿದ್ಯುತ್ತು ಇಳಿಯಬೇಕೆಂಬುದನ್ನು ನಿರ್ಧರಿಸುವುದು ಗಾಡಿಯ ಜೊತೆ ಬಂದಿರುವ ಚಾರ್ಜರು. ಕೆರೆ ದೊಡ್ಡದಿದ್ದರೂ ಕೊಡದ ಬಾಯಿ ಸಣ್ಣದಾದರೆ ನೀರು ನಿಧಾನವಾಗಿಯೇ ತುಂಬುತ್ತದೆ. ಮೂರು ಯೂನಿಟ್ಟಿನ ಸ್ಕೂಟರಿಗೆ ಮುಕ್ಕಾಲು ಕಿಲೋವಾಟಿನ ಚಾರ್ಜರಿದ್ದರೆ ಎಷ್ಟು ದೊಡ್ಡ ಕೇಂದ್ರಕ್ಕೆ ಹೋದರೂ ನಾಲ್ಕು ಗಂಟೆ ಬೇಕೇ ಬೇಕು. ಗಂಟೆಯ ಲೆಕ್ಕದಲ್ಲಿ ಹಣ ಕೇಳುವ ಕಡೆ ಇಂಥವರಿಗೆ ನಷ್ಟ. ಯೂನಿಟ್ಟಿನ ಲೆಕ್ಕದಲ್ಲಿ ಕೊಡುವುದೇ ನ್ಯಾಯ.

ದರದ ಮಾತು. ಯೂನಿಟ್ಟಿಗೆ ಹತ್ತು ರೂಪಾಯಿ ಎಂದು ಲೆಕ್ಕದ ಸಲುವಾಗಿ ಇಟ್ಟುಕೊಳ್ಳೋಣ. ಬ್ಯಾಟರಿಗೆ ಒಂಬತ್ತು ಸೇರಬೇಕಾದರೆ ದಾರಿಯಲ್ಲಿ ಶಾಖವಾಗಿ ಹೋಗುವುದೂ ಸೇರಿ ಮೀಟರಿನಲ್ಲಿ ಹತ್ತು ಓಡುತ್ತದೆ. ನೂರು ರೂಪಾಯಿ ಆಯಿತು. ಅದರ ಮೇಲೆ ಹದಿನೆಂಟು ರೂಪಾಯಿ ತೆರಿಗೆ. ಈ ಹದಿನೆಂಟು ಎಲ್ಲಿಂದ ಬಂತು? ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಕೇಳಿದ ಪ್ರಶ್ನೆಗೆ ೨೦೨೩ರಲ್ಲಿ ಕರ್ನಾಟಕದ ಜಿ.ಎಸ್.ಟಿ. ಮುಂಗಡ ತೀರ್ಪು ಪ್ರಾಧಿಕಾರವು, ಕೇಂದ್ರದಲ್ಲಿ ಚಾರ್ಜು ಮಾಡಿಕೊಡುವುದು ಸೇವೆ, ಅದಕ್ಕೆ ಶೇಕಡಾ ೧೮ ಎಂದು ಹೇಳಿತು. ಗಾಡಿ ಕೊಳ್ಳುವಾಗ ೨೦೧೯ರ ಆಗಸ್ಟಿನಿಂದ ತೆರಿಗೆ ಶೇಕಡಾ ೫. ಮನೆಯ ಮೀಟರಿನ ವಿದ್ಯುತ್ತಿಗೆ ಜಿ.ಎಸ್.ಟಿ.ಯೇ ಇಲ್ಲ. ಬೀದಿಯಲ್ಲಿ ಹಚ್ಚಿಕೊಂಡರೆ ೧೮! ಅಂಗಳವಿದ್ದವನಿಗೆ ಸೊನ್ನೆ, ಅಂಗಳವಿಲ್ಲದವನಿಗೆ ಹದಿನೆಂಟು. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಸಮರ್ಥನೆ ಇರಬಹುದು; ನ್ಯಾಯದ ತಕ್ಕಡಿಯಲ್ಲಿ ಇದು ತೂಗುವುದಿಲ್ಲ.

ಇನ್ನು ಬಳಸುವ ಕ್ರಮ. ಗನ್ನನ್ನು ಮೊದಲು ಗಟ್ಟಿಯಾಗಿ ಕೂಡಿಸಿ, ಆಮೇಲೆ ಮೊಬೈಲಿನ ಆ್ಯಪಿನಲ್ಲಿ ಆರಂಭ ಒತ್ತಬೇಕು. ಮುಗಿದ ಮೇಲೆ ಮೊದಲು ನಿಲ್ಲಿಸಿ, ಆಮೇಲೆ ಕೀಳಬೇಕು. ತಂತಿ ಸುಲಿದಿದ್ದರೆ, ಬಾಯಿ ಕಪ್ಪಾಗಿದ್ದರೆ, ಕಾಲಡಿ ನೀರು ನಿಂತಿದ್ದರೆ ಮುಟ್ಟಬೇಡಿ. ವಿದ್ಯುತ್ ದೂರಿನ ಸಂಖ್ಯೆ ೧೯೧೨ಕ್ಕೆ ಕರೆ ಮಾಡಿ. ಆರಂಭದ ಮತ್ತು ಕೊನೆಯ ಯೂನಿಟ್ಟನ್ನು ಬರೆದಿಟ್ಟುಕೊಳ್ಳಿ. ಹಣ ಕಡಿತವಾಗಿ ವಿದ್ಯುತ್ತು ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ ಇದೆ. ಕಾರಿನವರು ವೇಗದ ಚಾರ್ಜರಿನಲ್ಲಿ ಶೇಕಡಾ ೮೦ಕ್ಕೆ ಎದ್ದುಬಿಡುವುದು ಲೇಸು. ಅಲ್ಲಿಂದ ಮುಂದೆ ವೇಗ ತಾನಾಗಿ ಕುಗ್ಗುತ್ತದೆ, ಹಿಂದಿನವನು ಸುಮ್ಮನೆ ಕಾಯುತ್ತಾನೆ. ನಲ್ಲಿಯ ಬಳಿ ಕೊಡದ ಸರತಿ ಕಾಯ್ದ ಜನ ನಾವು; ಇಲ್ಲಿಯೂ ಸರತಿಯ ಮರ್ಯಾದೆ ಇರಲಿ.

ನಮ್ಮ ಊರಿನ ಬಿಸಿಲನ್ನು ಮರೆಯಬಾರದು. ಏಪ್ರಿಲ್ ಮೇ ತಿಂಗಳಲ್ಲಿ ಬಳ್ಳಾರಿ ೪೦ ಡಿಗ್ರಿ ದಾಟುತ್ತದೆ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ ೪೫ ಡಿಗ್ರಿಗಿಂತ ಮೇಲೆ ಚಾರ್ಜು ಮಾಡಬಾರದು. ಲೋಡು ಎಳೆದು ಬಂದ ಗಾಡಿಯ ಬ್ಯಾಟರಿ ಹೊರಗಿನ ಗಾಳಿಗಿಂತ ಹೆಚ್ಚು ಕಾದಿರುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿ, ಆಮೇಲೆ ಹಚ್ಚಿ. ೨೦೨೨ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಎ.ಐ.ಎಸ್. ೧೫೬ ಎಂಬ ಬ್ಯಾಟರಿ ನಿಯಮವನ್ನು ಬಿಗಿಗೊಳಿಸಿ, ೨೦೨೨ರ ಡಿಸೆಂಬರ್ ೧ರಿಂದ ಮತ್ತು ೨೦೨೩ರ ಮಾರ್ಚ್ ೩೧ರಿಂದ ಎರಡು ಹಂತಗಳಲ್ಲಿ ಜಾರಿಗೆ ತಂದರು. ಅಗ್ಗವೆಂದು ಹೆಸರಿಲ್ಲದ ಬ್ಯಾಟರಿ ಕೊಳ್ಳಬೇಡಿ. ಸೀಸದ ಬ್ಯಾಟರಿಯ ಇ-ರಿಕ್ಷಾ ಇರುವವರಿಗೆ ಒಂದು ಎಚ್ಚರಿಕೆ: ಚಾರ್ಜಾಗುವಾಗ ಅದರಿಂದ ಜಲಜನಕದ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದನ್ನು ಹಚ್ಚಿ ಮಕ್ಕಳೊಡನೆ ಮಲಗಬೇಡಿ, ಹತ್ತಿರ ಬೀಡಿ ಹಚ್ಚಬೇಡಿ. ಕಂಬಕ್ಕೆ ಕೊಕ್ಕೆ ಹಾಕುವ ಮಾತಂತೂ ಬೇಡವೇ ಬೇಡ. ಅದು ಅಪರಾಧ, ಪ್ರಾಣಕ್ಕೂ ಅಪಾಯ.

ಮನೆಯಲ್ಲಿ ಹಚ್ಚುವವರೂ ಒಂದು ಲೆಕ್ಕ ಹಾಕಿಕೊಳ್ಳಿ. ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ತಿಂಗಳಿಗೆ ೨೦೦ ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸ್ಕೂಟರಿಗೆ ದಿನಕ್ಕೆ ಮೂರು ಯೂನಿಟ್ಟಾದರೆ ತಿಂಗಳಿಗೆ ತೊಂಬತ್ತು. ನೂರಿಪ್ಪತ್ತು ಸುಡುವ ಮನೆ ಇನ್ನೂರಹತ್ತಕ್ಕೆ ಏರಿತು, ಸೊನ್ನೆಯ ಬಿಲ್ಲು ಹೋಯಿತು. ಆಟೋಗಾದರೆ ಹೇಳುವುದೇ ಬೇಡ. ಹೀಗೆ ದಾಟುವ ಮನೆಯವರಿಗೆ ನಾಲ್ಕಾರು ದಿನ ಬೀದಿಯ ಕೇಂದ್ರವೇ ಅಗ್ಗವಾದೀತು.

ಈಗ ದಾರಿಯ ಮಾತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ೧೫೦-ಎ ಹೆದ್ದಾರಿಯಲ್ಲಿ ಸುಮಾರು ೫೫ ಕಿಲೋಮೀಟರು, ಕುರುಗೋಡಿಗೆ ಸುಮಾರು ೩೦. ಕಾಗದದ ಮೇಲೆ ನೂರು ಕಿಲೋಮೀಟರು ಓಡುವ ಸರಕು ಆಟೋ, ಅಕ್ಕಿ ಮೂಟೆ ಹೊತ್ತಾಗ ಅಷ್ಟು ಓಡುವುದಿಲ್ಲ. ಸಿರುಗುಪ್ಪದ ಅಕ್ಕಿಯನ್ನು ಬಳ್ಳಾರಿಗೆ ಇಳಿಸಿ ಹಿಂದಿರುಗಬೇಕಾದರೆ ನೂರಹತ್ತು ಕಿಲೋಮೀಟರಾಯಿತು. ನಡುವೆ ಒಂದು ಸಾಕೆಟ್ಟು ಕೆಟ್ಟಿದ್ದರೆ ಗಾಡಿ ತೆಕ್ಕಲಕೋಟೆಯ ಬಳಿ ನಿಂತಿತೆಂದೇ ತಿಳಿಯಿರಿ. ಅಂದಿನ ದುಡಿಮೆಯೆಲ್ಲ ಎಳೆದು ತರುವ ಬಾಡಿಗೆಗೆ ಹೋಯಿತು. ಕುರುಗೋಡಿನ ಮೆಣಸಿನಕಾಯಿ ವ್ಯಾಪಾರಿ ಅರವತ್ತು ಕಿಲೋಮೀಟರಿನಲ್ಲಿ ಹೋಗಿಬರಬಹುದು. ಆದರೆ ಎರಡನೆಯ ಖೇಪು ಹಾಕಬೇಕಾದರೆ ಅವನಿಗೂ ಊರಿನಲ್ಲಿ ಕೇಂದ್ರ ಬೇಕು. ದಿನಕ್ಕೆ ಒಂದು ಖೇಪೋ ಎರಡೋ ಎಂಬುದರಲ್ಲಿಯೇ ಅವನ ಲಾಭ ನಷ್ಟವಿದೆ.

ಇದನ್ನು ಕೇಳುವ ಹಕ್ಕು ನಮಗೆಲ್ಲಿಂದ ಬಂತೆಂದು ಕೆಲವರು ಕೇಳಬಹುದು. ಸರ್ಕಾರದ ಕಾಗದದಿಂದಲೇ ಬಂತು. ನಗರದಲ್ಲಿ ಮೂರು ಕಿಲೋಮೀಟರಿನ ಚೌಕಕ್ಕೊಂದು, ಹೆದ್ದಾರಿಯ ಎರಡೂ ಬದಿಗೆ ೨೫ ಕಿಲೋಮೀಟರಿಗೊಂದು ಕೇಂದ್ರವಿರಬೇಕೆಂದು ೨೦೧೮ರ ಡಿಸೆಂಬರಿನಲ್ಲೇ ಕೇಂದ್ರ ವಿದ್ಯುತ್ ಮಂತ್ರಾಲಯ ಬರೆಯಿತು. ಸರ್ಕಾರಿ ಜಾಗವನ್ನು ಯೂನಿಟ್ಟಿಗೆ ಒಂದು ರೂಪಾಯಿ ಪಾಲಿನ ಮೇಲೆ ಹತ್ತು ವರ್ಷ ಕೇಂದ್ರಕ್ಕೆ ಕೊಡಬಹುದೆಂದು ೨೦೨೨ರಲ್ಲಿ ಬರೆಯಿತು. ಬೆಳಗಿನ ೯ರಿಂದ ಸಂಜೆ ೪ರವರೆಗಿನ ಬಿಸಿಲಿನ ವೇಳೆಯಲ್ಲಿ ಕೇಂದ್ರಗಳಿಗೆ ಕೊಡುವ ವಿದ್ಯುತ್ತಿನ ದರ ಸರಾಸರಿ ವೆಚ್ಚದ ಶೇಕಡಾ ೭೦ ಇರಲಿ ಎಂದು ೨೦೨೪ರಲ್ಲಿ ಬರೆಯಿತು. ಬಿಸಿಲಿಗೆ ನಮ್ಮಲ್ಲೇನು ಬರವೇ? ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಟೋ ಹೇಗೂ ನಿಲ್ಲುತ್ತದೆ; ಆ ಸೋವಿ ಬಳಕೆದಾರನ ಕೈಗೂ ಬರಬೇಕು. ೨೦೨೪ರ ಅಕ್ಟೋಬರಿನಲ್ಲಿ ಆರಂಭವಾದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ ೨,೦೦೦ ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ಹಣ, ಜಾಗ, ನಿಯಮ ಮೂರೂ ಕಾಗದದಲ್ಲಿವೆ. ಅವನ್ನು ಸಿರುಗುಪ್ಪಕ್ಕೆ ಎಳೆದು ತರುವ ಕೈ ಬೇಕು.

ಸಣ್ಣ ವ್ಯಾಪಾರಿಗಳಿಗೂ ಇದರಲ್ಲಿ ಒಂದು ದಾರಿಯಿದೆ. ಚಾರ್ಜು ಮಾಡಿಕೊಡುವುದಕ್ಕೆ ವಿದ್ಯುತ್ ಮಾರಾಟದ ಪರವಾನಗಿ ಬೇಡವೆಂದು ೨೦೧೮ರ ಏಪ್ರಿಲಿನಲ್ಲೇ ಸ್ಪಷ್ಟವಾಗಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಎಲ್.ಟಿ. ೬(ಸಿ) ಎಂಬ ಬೇರೆ ದರವರ್ಗವಿದೆ. ಜೆಸ್ಕಾಂ ಕಚೇರಿಯಲ್ಲಿ ಆ ವರ್ಗದ ಸಂಪರ್ಕವೆಂದೇ ಹೆಸರಿಟ್ಟು ಅರ್ಜಿ ಕೊಡಿ. ಅಂಗಡಿಯ ಮೀಟರಿನಿಂದ ಎಳೆದರೆ ದರವೂ ಹೆಚ್ಚು, ತಕರಾರೂ ಹೆಚ್ಚು. ೨೦೨೪ರ ಗ್ರಾಹಕ ಹಕ್ಕುಗಳ ನಿಯಮದ ಪ್ರಕಾರ ಹೊಸ ಸಂಪರ್ಕಕ್ಕೆ ಪೌರಪ್ರದೇಶದಲ್ಲಿ ಏಳು ದಿನ, ಹಳ್ಳಿಯಲ್ಲಿ ಹದಿನೈದು ದಿನ ಗಡುವು. ಚಹದಂಗಡಿಯ ಪಕ್ಕ ಎರಡು ಸಾಕೆಟ್ಟಿದ್ದರೆ ಕಾಯುವವನು ಚಹವನ್ನೂ ಕುಡಿಯುತ್ತಾನೆ. ನಾಲ್ಕೈದು ಅಂಗಡಿಯವರು ಕೂಡಿ ಸಹಕಾರದ ಮೇಲೆ ಮಾಡಿದರೆ ಖರ್ಚೂ ಹಂಚಿಹೋಗುತ್ತದೆ, ದೊಡ್ಡ ಕಂಪನಿಯ ಬಾಗಿಲು ಕಾಯುವುದೂ ತಪ್ಪುತ್ತದೆ.

ಹಾಗಾದರೆ ನಮ್ಮ ಬೇಡಿಕೆಗಳೇನು? ಬಳ್ಳಾರಿಯ ಬಸ್ ನಿಲ್ದಾಣ, ಕೃಷಿ ಮಾರುಕಟ್ಟೆ ಪ್ರಾಂಗಣ, ದೊಡ್ಡ ಆಸ್ಪತ್ರೆಗಳ ಬಳಿ ಆಟೋಗೆ ಹೊಂದುವ ಸಾಕೆಟ್ಟುಗಳು ಬೇಕು. ಸಿರುಗುಪ್ಪದ ಗಿರಣಿ ಸಾಲಿನ ಬಳಿ, ಕುರುಗೋಡಿನ ಬಸ್ ನಿಲ್ದಾಣದ ಬಳಿ ರಾತ್ರಿಯೂ ತೆರೆದ ಕೇಂದ್ರ ಬೇಕು. ಎರಡನೆಯ ಪಾಳಿ ಮುಗಿಸಿದವನಿಗೆ ಹಗಲಿನ ಕೇಂದ್ರದಿಂದ ಏನು ಪ್ರಯೋಜನ? ನೆರಳು ಮತ್ತು ದೀಪ ಬೇಕು. ದರದ ಫಲಕ ದೊಡ್ಡ ಕನ್ನಡ ಅಕ್ಷರದಲ್ಲಿ ಬೇಕು. ಸ್ಮಾರ್ಟ್ ಫೋನ್ ಇಲ್ಲದವನು ನಗದು ಕೊಟ್ಟು ಹಚ್ಚಿಕೊಳ್ಳುವಂತಿರಬೇಕು. ನಾಲ್ಕು ಕಂಪನಿಗೆ ನಾಲ್ಕು ಆ್ಯಪು, ನಾಲ್ಕರಲ್ಲೂ ಮುಂಗಡ ಹಣ ಎಂಬ ಪದ್ಧತಿ ಬಡವನ ಜೇಬಿಗೆ ಹೊಂದುವುದಿಲ್ಲ. ಕೆಟ್ಟ ಯಂತ್ರವನ್ನು ಇಷ್ಟು ದಿನದೊಳಗೆ ಸರಿಪಡಿಸಬೇಕೆಂದು ಕರಾರಿನಲ್ಲೇ ಬರೆಯಬೇಕು. ಬೀದಿಯ ಚಾರ್ಜಿಗೆ ಹಾಕಿದ ಶೇಕಡಾ ೧೮ ಇಳಿಯಬೇಕು.

ಬೇಡಿಕೆ ಬಾಯಿಮಾತಿನಲ್ಲಿ ನಿಲ್ಲಬಾರದು. ಪ್ರತಿಯೊಂದು ಆಟೋ ನಿಲ್ದಾಣದಲ್ಲಿ, ಪ್ರತಿಯೊಂದು ಗಿರಣಿಯ ಗೇಟಿನ ಬಳಿ ಒಂದು ನೋಟುಪುಸ್ತಕ ಇಡೋಣ. ತಾರೀಖು, ಹೊತ್ತು, ಯಾವ ಕೇಂದ್ರ, ಯಂತ್ರ ನಡೆಯುತ್ತಿತ್ತೇ ಇಲ್ಲವೇ, ಎಷ್ಟು ಯೂನಿಟ್ಟು, ಎಷ್ಟು ಹಣ, ಎಷ್ಟು ಹೊತ್ತು ಕಾಯಬೇಕಾಯಿತು, ಇಷ್ಟನ್ನು ಬರೆಯಿರಿ. ಬರೆಯಲು ಬಾರದವನಿಗೆ ಪಕ್ಕದವನು ಬರೆದುಕೊಡಲಿ. ಮೂರು ತಿಂಗಳ ಪುಸ್ತಕವನ್ನು ಬಳ್ಳಾರಿ ಮಹಾನಗರ ಪಾಲಿಕೆಗೆ, ಸಿರುಗುಪ್ಪ ನಗರಸಭೆಗೆ, ಕುರುಗೋಡು ಪುರಸಭೆಗೆ, ಜೆಸ್ಕಾಂ ಕಚೇರಿಗೆ ನಾವೆಲ್ಲ ಒಟ್ಟಾಗಿ ಒಯ್ಯೋಣ. "ಜನ ಬಳಸುವುದಿಲ್ಲ, ಅದಕ್ಕೇ ಕೇಂದ್ರವಿಲ್ಲ" ಎನ್ನುವ ಅಧಿಕಾರಿಗೆ ಆ ಪುಸ್ತಕವೇ ಉತ್ತರ. ಬೀದಿಯ ನಲ್ಲಿಯೂ ಯಾರೋ ದಯಮಾಡಿ ಕೊಟ್ಟದ್ದಲ್ಲ. ನಮ್ಮ ತಾಯಂದಿರು ಖಾಲಿ ಕೊಡ ಹಿಡಿದು ಕಚೇರಿಯ ಮುಂದೆ ಕೂತು ತಂದದ್ದು. ಇದನ್ನೂ ಹಾಗೆಯೇ ತರೋಣ. ಪುಸ್ತಕ ನಾಳೆಯಿಂದಲೇ ಆರಂಭವಾಗಲಿ.