ದುರ್ಗದಬೈಲಿನ ಮೂಲಪುರುಷರು

ಹಲಗೇರಿ, ಬ್ಯಾಡಗಿಗಳ ಕಡೆಯಿಂದ ಹುಬ್ಬಳ್ಳಿಗೆ ಹೋದವರು ದುರ್ಗದಬೈಲನ್ನು ಕಾಣದೆ ಮರಳುವುದು ವಿರಳ. ಆ ಪೇಟೆಯನ್ನು ಕಟ್ಟಿದವರು ಯಾರೆಂದು ನಾವು ವಿಚಾರಿಸುವುದು ಇನ್ನೂ ವಿರಳ.

ಹಳೆಯ ಊರಾದ ರಾಯರ ಹುಬ್ಬಳ್ಳಿಯು ವಿಜಯನಗರದ ಕಾಲದಲ್ಲಿಯೇ ಹತ್ತಿ, ಪೆಟ್ಲುಪ್ಪು, ಕಬ್ಬಿಣಗಳ ವ್ಯಾಪಾರಕ್ಕೆ ಹೆಸರಾಗಿದ್ದಿತು. 1673ರಲ್ಲಿ ಮರಾಠರ ದಂಡು ಊರನ್ನು ಸುಲಿಯಿತು. ಇಂಗ್ಲಿಷರ ಕೋಠಿಯೂ ಕೊಳ್ಳೆಯಾಯಿತು. ಕಾವಲಿಲ್ಲದ ಪೇಟೆಗೆ ಅದರ ಸಂಪತ್ತೇ ಶತ್ರುವೆಂಬುದು ವರ್ತಕರಿಗೆ ಮನದಟ್ಟಾಗಿದ್ದಿರಬೇಕು. ಮುಂದೆ ಈ ಸೀಮೆಯು ಸವಣೂರ ನವಾಬರ ಆಡಳಿತಕ್ಕೆ ಸೇರಿತು. ಅವರ ಕಾಲದಲ್ಲಿ ಬಸಪ್ಪಶೆಟ್ಟರೆಂಬ ವರ್ತಕರು ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು.

ಬಳಿಕ ಅಧಿಪತಿಗಳು ಹಲವರು ಬದಲಾದರು. ಮರಾಠರು ಬಂದರು, ಹೈದರನು ಬಂದನು, ಮತ್ತೆ ಮರಾಠರೇ ಬಂದರು. ಹಳೆಯ ಊರು ಪೇಶವೆಗೂ ಹೊಸ ಊರು ಸಾಂಗಲಿಯ ಪಟವರ್ಧನರಿಗೂ ಹಂಚಿಹೋಯಿತು. 1820ರಲ್ಲಿ ಹೊಸ ಹುಬ್ಬಳ್ಳಿಯು ಇಂಗ್ಲಿಷರ ಕೈಸೇರಿತು. ದುರ್ಗದ ನೆನಪನ್ನು ಬೈಲಿನ ಹೆಸರು ಉಳಿಸಿತು. ಶೆಟ್ಟರ ನೆನಪನ್ನು ಉಳಿಸಬೇಕಾದವರು ನಾವು.

ಅರಸರ ವಂಶಾವಳಿಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಅಂಗಡಿಯ ಸಾಲನ್ನು ಹೂಡಿದವನೂ ಊರಿನ ಸ್ಥಾಪಕನೇ ಅಲ್ಲವೇ? ನಮ್ಮ ಪೇಟೆಗಳ ಹಳೆಯ ಮನೆತನಗಳಲ್ಲಿ ಕಡತಗಳೂ ಸನದುಗಳೂ ಮೂಲೆ ಸೇರಿರಬಹುದು. ಅವು ಗೆದ್ದಲಿನ ಪಾಲಾಗುವ ಮೊದಲು ಅವುಗಳನ್ನು ಬಿಚ್ಚಿ ಓದೋಣ. ನಮ್ಮ ಊರುಗಳ ಚರಿತ್ರೆ ಅಲ್ಲಿಂದಲೇ ಆರಂಭವಾಗಲಿ.